ತೀರ್ಥಹಳ್ಳಿ ಕಡೆಯ ಹಂಚಿನ ಮನೆ ಮಾರಿ ಶಿವಮೊಗ್ಗಕ್ಕೆ ಹೋಗುವ ಮುನ್ನ ಏನೇನು ಮಾಡಿಕೊಳ್ಳಬೇಕು?

ಪ್ರಶ್ನೆ – ತೀರ್ಥಹಳ್ಳಿ ತಾಲ್ಲೂಕಿನಿಂದ

ತಂದೆಯವರು ತೀರಿಕೊಂಡ ಮೇಲೆ ತಾಯಿಯವರೊಬ್ಬರೇ ಊರಿನ ಮನೆಯಲ್ಲಿದ್ದಾರೆ. ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಫೋನೂ ಸಿಗುವುದಿಲ್ಲ. ಆದ್ದರಿಂದ ಈ ಮನೆಯನ್ನು ಮಾರಿ, ಶಿವಮೊಗ್ಗದ ವಿನೋಬನಗರದ ಆಸುಪಾಸಿನಲ್ಲಿ ಚಿಕ್ಕದೊಂದು ಮನೆ ಕೊಳ್ಳೋಣವೆಂದು ನಾನೂ ಇಬ್ಬರು ತಂಗಿಯರೂ ಮಾತಾಡಿಕೊಂಡಿದ್ದೇವೆ. ಮನೆ ಗ್ರಾಮಠಾಣಾದಲ್ಲಿದೆ (ಊರಿನ ವಸತಿ ಜಾಗ), ಜೊತೆಗೆ ತೋಟವಿಲ್ಲ. ಖಾತೆ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇದೆ. ಕೊಳ್ಳಲು ಬಂದವರು ಅರ್ಧ ಹಣವನ್ನು ನಗದಾಗಿ ಕೊಟ್ಟು, ಕರಾರು ಬರೆಸಿಕೊಂಡು, ಕೀಲಿಕೈಯನ್ನು ಈಗಲೇ ಕೊಡಿ ಎನ್ನುತ್ತಿದ್ದಾರೆ. ಹಂಚು ಇಳಿಸಿ ಶೀಟು ಹಾಕಿಸಿದರೆ ಬೆಲೆ ಏರುತ್ತದೆ ಎಂಬುದು ದಲ್ಲಾಳಿಯ ಮಾತು. ತಂಗಿಯರು ತಮಗೆ ಪಾಲು ಬೇಡ, ಅಮ್ಮನಿಗೇ ಇರಲಿ ಎನ್ನುತ್ತಾರೆ. ಯಾವುದನ್ನು ಮೊದಲು ಮಾಡಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ – ಸಾಗರದಿಂದ

ಕೀಲಿಕೈಯನ್ನು ಈಗ ಕೊಡಲೇಬೇಡಿ. ಹಣ ಪೂರ್ತಿ ಬಂದು ಕ್ರಯಪತ್ರ ನೋಂದಣಿಯಾಗುವ ದಿನ ಕೊಟ್ಟರೆ ಸಾಕು. ಸ್ವಾಧೀನ ಬಿಟ್ಟುಕೊಟ್ಟು ಬರೆದ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ, ಕೊಂಡವರು ತಡಮಾಡಿದರೆ ಅವರನ್ನು ಎಬ್ಬಿಸುವುದೂ ಕಷ್ಟ.

ಮೊದಲ ಕೆಲಸ ಪೌತಿ ಖಾತೆ, ಎಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯ ವಂಶವೃಕ್ಷವನ್ನಿಟ್ಟು ಪಂಚಾಯಿತಿಗೆ ಅರ್ಜಿ ಕೊಡಿ, ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11 ವಾರಸುದಾರರ ಹೆಸರಿಗೆ ಬರಬೇಕು. ನಮೂನೆ 9ರಲ್ಲಿರುವ ಉದ್ದಗಲವನ್ನೂ ಚಕ್ಕುಬಂದಿಯನ್ನೂ ಟೇಪು ಹಿಡಿದು ಜಾಗದ ಮೇಲೆಯೇ ತಾಳೆ ನೋಡಿ, ಏಕೆಂದರೆ ನಮ್ಮ ಕಡೆ ಕೊಟ್ಟಿಗೆಯೋ ಬಚ್ಚಲುಮನೆಯೋ ಅಳತೆಯಿಂದಾಚೆಗೆ ಚಾಚಿಕೊಂಡಿರುವುದು ತೀರ ಸಾಮಾನ್ಯ, ಮತ್ತು ಅದು ನೋಂದಣಿಯ ಹಿಂದಿನ ದಿನ ಗೊತ್ತಾದರೆ ಬೆಲೆಯನ್ನು ಇಳಿಸಿ ಕೇಳುವುದಕ್ಕೆ ಅದೇ ನೆಪವಾಗುತ್ತದೆ. ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಪಡೆಯಬಹುದು. ತಂದೆಯವರು ಸಹಕಾರ ಸಂಘದಲ್ಲಿ ಸಾಲ ತೆಗೆದಿದ್ದರೆ ತೀರುವಳಿ ಪತ್ರವನ್ನೂ ಪಡೆದಿಟ್ಟುಕೊಳ್ಳಿ.

ತಂಗಿಯರ ಬಾಯಿಮಾತು ಸಾಲದು. ಉಯಿಲಿಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಂದೆಯವರ ಸ್ವಯಾರ್ಜಿತದಲ್ಲಿ ತಾಯಿಗೂ ಮಕ್ಕಳೆಲ್ಲರಿಗೂ ಸಮಪಾಲಿದೆ. ಪಿತ್ರಾರ್ಜಿತವಾದರೂ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳ ಹಕ್ಕು ಗಂಡುಮಕ್ಕಳದಕ್ಕೆ ಸಮ. ಅವರು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು.

ಉತ್ತರ – ಹೊಸನಗರದಿಂದ

ಕಾಗದದ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಮಾಡಿನ ಬಗ್ಗೆ ಮಾತ್ರ ಬರೆಯುತ್ತೇನೆ. ಹಂಚು ಇಳಿಸಬೇಡಿ. ಈಗ ಹಳೆಯ ಮಲೆನಾಡಿನ ಮನೆಯನ್ನು ಹುಡುಕಿಕೊಂಡು ಬರುವವರಿಗೆ ಜಗುಲಿ, ಅಟ್ಟ, ಹಂಚಿನ ಮಾಡು ಇವೇ ಬೇಕಾಗಿರುವುದು. ಶೀಟಿಗೆ ಹಾಕಿದ ಹಣ ಬೆಲೆಯಲ್ಲಿ ಮರಳಿ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಬೇಸಿಗೆಯಲ್ಲಿ ಒಮ್ಮೆ ಹಂಚು ಕೈಯಾಡಿಸಿ, ಎಂದರೆ ಒಡೆದವನ್ನು ತೆಗೆದು ಬೇರೆ ಹಾಕಿಸಿ. ನಡುಮಧ್ಯಾಹ್ನ ಅಟ್ಟ ಹತ್ತಿ ದೀಪ ಹಚ್ಚದೆ ನಿಂತರೆ ಒಡೆದ ಹಂಚುಗಳ ಜಾಗದಲ್ಲಿ ಬಿಸಿಲಿನ ಚುಕ್ಕೆಗಳು ಕಾಣುತ್ತವೆ, ಅಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಪಕಾಸಿ (ಹಂಚನ್ನು ಹೊರುವ ಇಳಿಜಾರು ಮರ) ಗೋಡೆಯ ಮೇಲೆ ಕೂರುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ; ಒರಲೆ ಹಿಡಿದಿದ್ದರೆ ಮೇಲೆ ಗಟ್ಟಿಯಾಗಿ ಕಂಡರೂ ಮೊನೆ ಸಲೀಸಾಗಿ ಇಳಿದುಬಿಡುತ್ತದೆ. ಅಂಥವನ್ನು ಬದಲಿಸಿ, ಬದಲಿಸಿದ್ದನ್ನು ಮುಚ್ಚಿಡದೆ ಹೇಳಿ.

ಮಳೆ ಮುಗಿದ ಮೇಲೆ ತೋರಿಸಿದರೆ ಚೆಂದ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮಾಡು ಭದ್ರವಾಗಿದ್ದರೆ ಜುಲೈ ತಿಂಗಳಿನಲ್ಲಿಯೇ ತೋರಿಸಿ. ಎರಚಲಿಗೂ ಒಳಗೋಡೆ ಒಣಗಿರುವುದನ್ನು ಕಣ್ಣಾರೆ ಕಂಡವರು ಚೌಕಾಸಿಗೆ ಹೆಚ್ಚು ಇಳಿಯುವುದಿಲ್ಲ. ಸಾಮಾನು ಸಾಗಿಸುವುದನ್ನು ಮಾತ್ರ ದೀಪಾವಳಿಯ ಆಚೆಗೆ ಇಟ್ಟುಕೊಳ್ಳಿ.

ಉತ್ತರ – ಶಿವಮೊಗ್ಗದಿಂದ

ಅರ್ಧ ನಗದು ಎಂಬ ಮಾತಿಗೆ ಒಪ್ಪಲೇಬೇಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯ ನಿಷೇಧವಿದೆ, ಪಡೆದಷ್ಟೇ ಮೊತ್ತದ ದಂಡ ಪಡೆದವರ ಮೇಲೆಯೇ ಬೀಳಬಹುದು.

ತಂಗಿಯರ ಮಾತನ್ನು ನಾನಾದರೆ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಾಲ್ವರೂ ಸೇರಿ ಮಾರಿದರೆ ಲಾಭವೂ ನಾಲ್ಕು ಪಾಲಾಗಿ, ತಾಯಿಯವರು ಮನೆ ಕೊಂಡರೂ ಅವರ ಪಾಲಿಗೆ ಮಾತ್ರ ಆದಾಯ ತೆರಿಗೆಯ ವಿನಾಯಿತಿ ಸಿಗುತ್ತದೆ. ಮಕ್ಕಳೆಲ್ಲರೂ ಪ್ರತಿಫಲವಿಲ್ಲದೆ ತಾಯಿಗೆ ಹಕ್ಕು ಬಿಡುಗಡೆ ಮಾಡಿ, ಅವರೊಬ್ಬರೇ ಮಾರಿ, ಎರಡು ವರ್ಷದೊಳಗೆ ತಮ್ಮ ಹೆಸರಿನಲ್ಲಿಯೇ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದಕ್ಕೆ ತೊಡಗಿಸಿದ ಲಾಭಕ್ಕೆಲ್ಲ ವಿನಾಯಿತಿ ಕೇಳಬಹುದು. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಮನೆ ಸಿಗದಿದ್ದರೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು, ಸಾಮಾನ್ಯ ಠೇವಣಿಯಲ್ಲಿಟ್ಟರೆ ವಿನಾಯಿತಿ ತಪ್ಪುತ್ತದೆ. ಹಳೆಯ ಮನೆ 2001ರ ಏಪ್ರಿಲ್ 1ಕ್ಕೆ ಮೊದಲಿನದಾದರೆ ಆ ದಿನದ ಬೆಲೆಯನ್ನೇ ಅಸಲಾಗಿ ಹಿಡಿಯಬಹುದು. ಬಿಡುಗಡೆ ಪತ್ರ ಬರೆಸುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿರಿ, ಆಮೇಲೆ ತಿದ್ದಲಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಗದು ಬೇಡವೆಂದು ತಿಳಿಸಿದ್ದೇನೆ, ಪೌತಿ ಖಾತೆಗೆ ಅರ್ಜಿ ಬರೆಯುತ್ತಿದ್ದೇನೆ. ಅಟ್ಟದಲ್ಲಿ ಅಜ್ಜನ ಕಾಲದ ಬೀಟೆ ಹಲಗೆಗಳಿವೆ, ಅವನ್ನು ಶಿವಮೊಗ್ಗಕ್ಕೆ ಒಯ್ಯಬಹುದೆ?

ಉತ್ತರ – ಹೊಸನಗರದಿಂದ

ಮಂಚ, ಪೆಟ್ಟಿಗೆಗಳ ಮಾತು ಬೇರೆ, ಬಿಡಿ ಹಲಗೆ ಮತ್ತು ತೊಲೆಗಳ ಮಾತು ಬೇರೆ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಸಾಗಣೆ ರಹದಾರಿ ಪಡೆದೇ ಲಾರಿಗೆ ಹೇರಿ. ಒಯ್ಯುವುದಿಲ್ಲವಾದರೆ ಹಲಗೆಗಳು ಮನೆಯೊಂದಿಗೆ ಹೋಗುತ್ತವೆಯೋ ಇಲ್ಲವೋ ಎಂಬುದನ್ನು ಕರಾರಿನಲ್ಲಿಯೇ ಬರೆಸಿ.