ಸಹಾಯ ಬೇಕು: ಮೋಟರ್ ದಿಕ್ಕು ಬದಲಿಸಿದ ಕೂಡಲೇ ಆರ್ಡುಯಿನೊ ರೀಸೆಟ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ಗೋಡೆ ಕಂಡರೆ ಹಿಂದಕ್ಕೆ ಓಡುವ ಪುಟ್ಟ ಗಾಡಿ ಮಾಡುತ್ತಿದ್ದೇನೆ. ಬಳಸಿರುವುದು ಎಲ್298ಎನ್ ಮಾಡ್ಯೂಲ್ (ಮೋಟರ್ ಓಡಿಸುವ ಡ್ರೈವರ್ ಬೋರ್ಡ್), 6 ವೋಲ್ಟಿನ ಎರಡು ಗೇರ್ ಮೋಟರ್, ಸೀರೀಸ್‌ನಲ್ಲಿ ಎರಡು 18650 ಲಿಥಿಯಂ ಸೆಲ್, ಆರ್ಡುಯಿನೊ ಊನೊ (ಪ್ರೋಗ್ರಾಂ ಓಡುವ ಕಂಟ್ರೋಲರ್ ಬೋರ್ಡ್). ಊನೊಗೆ ಪವರ್ ಹೋಗುವುದು ಮಾಡ್ಯೂಲಿನ 5 ವೋಲ್ಟ್ ಪಿನ್ನಿನಿಂದಲೇ.

ಮುಂದಕ್ಕೆ ಓಡುವಾಗ ಏನೂ ತೊಂದರೆಯಿಲ್ಲ. ಪೂರ್ತಿ ವೇಗದಲ್ಲಿದ್ದಾಗ ತಟ್ಟನೆ ಹಿಂದಕ್ಕೆ ತಿರುಗಿಸಿದರೆ ಮಾತ್ರ ಊನೊ ರೀಸೆಟ್ ಆಗಿ, 13ನೇ ಪಿನ್ನಿನ ಎಲ್‌ಇಡಿ ಪಟಪಟ ಮಿಟುಕಿ, ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತದೆ.

ಮಲ್ಟಿಮೀಟರ್ ಹಿಡಿದು ನೋಡಿದರೆ ಮಾಡ್ಯೂಲಿನ ಇನ್‌ಪುಟ್‌ನಲ್ಲಿ 7.6 ವೋಲ್ಟ್ ಇದ್ದದ್ದು ಆ ಕ್ಷಣ 6.1ಕ್ಕೆ ಇಳಿಯುತ್ತದೆ. ಮೀಟರ್ ನಿಧಾನ, ನಿಜವಾದ ಕುಸಿತ ಇನ್ನೂ ಆಳವಿರಬೇಕು. ತಿರುಗುತ್ತಿರುವ ಮೋಟರಿನ ಬ್ಯಾಕ್ ಇಎಂಎಫ್ (ತಿರುಗುವಾಗ ಮೋಟರೇ ಹುಟ್ಟಿಸುವ ವೋಲ್ಟೇಜ್) ಹೊಸ ವೋಲ್ಟೇಜಿಗೆ ಸೇರಿಕೊಳ್ಳುವುದರಿಂದ ಸ್ಟಾಲ್ ಕರೆಂಟಿನ (ಮೋಟರ್ ತಿರುಗದೆ ಸಿಕ್ಕಿಕೊಂಡಾಗ ಎಳೆಯುವ ಕರೆಂಟ್) ಸುಮಾರು ಎರಡರಷ್ಟು ಎಳೆಯುತ್ತದೆ. ಮಾಡ್ಯೂಲಿನಲ್ಲಿರುವ 5 ವೋಲ್ಟ್ ಕೊಡುವ 78ಎಂ05 ರೆಗ್ಯುಲೇಟರಿಗೆ ಇನ್‌ಪುಟ್‌ನಲ್ಲಿ ಸುಮಾರು 7 ವೋಲ್ಟ್ ಆದರೂ ಬೇಕಲ್ಲ!

ಗ್ರೌಂಡ್ ಎಲ್ಲಾ ಒಂದೇ. ಇಎನ್‌ಎ, ಇಎನ್‌ಬಿ ಎಂಬ ಎನೇಬಲ್ ಪಿನ್ನುಗಳ ಜಂಪರ್ ತೆಗೆದು ಊನೊದ 5, 6ನೇ ಪಿನ್ನಿನಿಂದ ಪಿಡಬ್ಲ್ಯೂಎಂ (ವೇಗ ಹೊಂದಿಸುವ ಪಲ್ಸ್ ಸಿಗ್ನಲ್) ಕೊಟ್ಟಿದೆ. ಪ್ರತಿ ಮೋಟರಿನ ಎರಡು ತುದಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆದಿದೆ. ದಿಕ್ಕು ಬದಲಿಸುವ ಮುಂಚೆ ಪಿಡಬ್ಲ್ಯೂಎಂ ಸೊನ್ನೆ ಮಾಡಿ 200 ಮಿಲಿಸೆಕೆಂಡ್ ಕಾದರೆ ರೀಸೆಟ್ ನಿಲ್ಲುತ್ತದೆ, ಆದರೆ ಗಾಡಿ ಗೋಡೆ ಕಂಡಾಗ ಅಷ್ಟು ಹೊತ್ತು ಕಾಯುವಂತಿಲ್ಲ.

ಬ್ಯಾಟರಿ ತುದಿಯಲ್ಲಿ 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಸಾಕಾದೀತೇ? ಇಲ್ಲ, ಊನೊಗೆ ಬೇರೆ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ, ಅದರ ಮುಂದೆ ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಡುವುದೇ ಸರಿಯೇ? ಟಿಬಿ6612ಎಫ್‌ಎನ್‌ಜಿ ಎಂಬ ಇನ್ನೊಂದು ಮೋಟರ್ ಡ್ರೈವರಿಗೆ ಬದಲಾಯಿಸಿದರೆ ಎಲ್298ಎನ್‌ನಲ್ಲಿ ಸೋರುವ ಸುಮಾರು 2 ವೋಲ್ಟ್ ಉಳಿಯುತ್ತದೆ ನಿಜ, ಆದರೆ ಅದರ ನಿರಂತರ ಮಿತಿ ಚಾನೆಲ್‌ಗೆ 1.2 ಆಂಪಿಯರ್. ಹೀಗೆ ತಟ್ಟನೆ ತಿರುಗಿಸುವ ಕೆಲಸಕ್ಕೆ ಅದನ್ನು ಬಳಸಿದವರಿದ್ದರೆ ದಯವಿಟ್ಟು ತಿಳಿಸಿ, ವೈರಿಂಗ್ ಫೋಟೊ ಇದ್ದರೆ ಇನ್ನೂ ಉಪಕಾರ.