ವೆಟ್ ವೈಪ್ಸ್ ಒಂದೊಂದಾಗಿ ಬರುತ್ತಿಲ್ಲ, ಎಳೆದರೆ ಮೂರು ಒಟ್ಟಿಗೆ ಎದ್ದು ಬರುತ್ತವೆ. ಏನು ಮಾಡಲಿ?

ತುಂಗೆದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಹಾಸಿಗೆಯಲ್ಲೇ ಇದ್ದಾರೆ. ದಿನಕ್ಕೆ 12ರಿಂದ 15 ವೆಟ್ ವೈಪ್ಸ್ ಬೇಕಾಗುತ್ತವೆ. ಅಂಗಡಿಯ ವಾಸನೆ ಹಾಕಿದ ಪ್ಯಾಕ್ ಅವರ ಚರ್ಮಕ್ಕೆ ಆಗಿಬರಲಿಲ್ಲ, ಕೆಂಪಗಾಯಿತು. ಹಾಗಾಗಿ ಒಣ ಸ್ಪನ್‌ಲೇಸ್ ಬಟ್ಟೆಯ ರೋಲ್ ತರಿಸಿ, ನಾನೇ ಕತ್ತರಿಸಿ, ಕುದಿಸಿ ಆರಿಸಿದ ನೀರಲ್ಲಿ ನೆನೆಸಿ ಡಬ್ಬಿಗೆ ತುಂಬುತ್ತಿದ್ದೇನೆ.

ಕಷ್ಟ ಏನೆಂದರೆ, ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಎಡಗೈಯಲ್ಲಿ ಬೆನ್ನು ಹಿಡಿದಿರುತ್ತೇನೆ. ವೈಪ್ ಎಳೆಯಲು ಬಲಗೈ ಒಂದೇ ಇರುವುದು. ಎಳೆದರೆ ಎರಡು, ಮೂರು, ಕೆಲವು ಸಲ ಸರದ ಹಾಗೆ ನಾಲ್ಕು ಎದ್ದು ಬರುತ್ತವೆ. ಕೊಡವಿದರೆ ಹಾಸಿಗೆ ಮೇಲೆ ಬೀಳುತ್ತವೆ. ಇನ್ನು ಕೆಲವು ಸಲ ಒಂದೇ ಬರುತ್ತದೆ, ಆದರೆ ಮುಂದಿನದರ ತುದಿ ಡಬ್ಬಿಯೊಳಗೆ ಬಿದ್ದುಹೋಗುತ್ತದೆ. ಆಗ ಕೈ ಒಳಗೆ ಹಾಕಲೇಬೇಕು.

ಅಂಗಡಿ ಪ್ಯಾಕಿನಲ್ಲಿ ಇರುವಂತೆ ಒಂದರೊಳಗೆ ಒಂದು ಮಡಿಚಿಯೇ ಇಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದೆ ಅಂತ ತಿಳಿಯುತ್ತಿಲ್ಲ. ದಯವಿಟ್ಟು ಯಾರಾದರೂ ಹೇಳಿ.

ಪ್ಯಾಕಿಂಗ್‌ಲೈನ್

ಮೇಡಂ, ವೈಪ್ಸ್ ಪ್ಯಾಕ್ ಮಾಡುವ ಕಡೆ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಇದು ಸರಿಹೋಗುವ ಸಮಸ್ಯೆ. ಮೊದಲು ಇಷ್ಟು ತಿಳಿಸಿ: ಹಾಳೆಯ ಅಳತೆ ಎಷ್ಟು, ಬಟ್ಟೆ ಎಷ್ಟು ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ), ಎಷ್ಟು ಹಾಳೆಗೆ ಎಷ್ಟು ನೀರು, ನೀರಿಗೆ ಏನೇನು ಹಾಕುತ್ತೀರಿ, ಡಬ್ಬಿಯ ಬಾಯಿ ಹೇಗಿದೆ. ಒಂದರ ಮೇಲೊಂದು ಎಷ್ಟು ಸೆಂಟಿಮೀಟರ್ ಕೂತಿದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ.

ಕಾಗದಮಡಿಕೆ

ಅಕ್ಕ, ಇಷ್ಟೆಲ್ಲ ಯಾಕೆ? ಉದ್ದ ಪಟ್ಟಿಯನ್ನು ಸುರುಳಿ ಸುತ್ತಿ ಡಬ್ಬಿಯಲ್ಲಿ ನಿಲ್ಲಿಸಿ, ನಡುವಿನಿಂದ ಎಳೆಯಿರಿ. ಹೋಟೆಲ್, ಜಿಮ್‌ಗಳಲ್ಲಿ ಇರುವ ಡಬ್ಬಿ ಹಾಗೇ ಅಲ್ವಾ? ಹಾಳೆ ಹಾಳೆಗೂ ನಡುವೆ ದಾರ ಹಾಕದ ಹೊಲಿಗೆ ಯಂತ್ರದಲ್ಲಿ ಒಂದು ಸಾಲು ತೂತು ಹೊಡೆದುಕೊಳ್ಳಿ. ನಾನು ಕಾಗದದಲ್ಲಿ ಹೀಗೆ ಮಾಡಿದ್ದೇನೆ, ಚೆನ್ನಾಗಿ ಹರಿಯುತ್ತದೆ.

ತುಂಗೆದಡ

ಹಾಳೆ 15 × 20 ಸೆಂ.ಮೀ. ಬಟ್ಟೆ 50 ಜಿಎಸ್‌ಎಂ, ನುಣುಪಾದ ಪ್ಲೇನ್ ಬಟ್ಟೆ. ಒಂದು ಡಬ್ಬಿಗೆ 80 ಹಾಳೆ, ಅರ್ಧ ಲೀಟರ್ ನೀರು, ಮೂರು ದೊಡ್ಡ ಚಮಚ ಗ್ಲಿಸರಿನ್. ಬಾಯಿ ದುಂಡಗೆ, ಸುಮಾರು 5 ಸೆಂ.ಮೀ. ಪ್ರತಿ ಹಾಳೆಯನ್ನೂ ಅರ್ಧಕ್ಕೆ ಮಡಿಚಿ, ಮುಂದಿನದರ ಅರ್ಧವನ್ನು ಅದರೊಳಗೆ ಸಿಕ್ಕಿಸಿದ್ದೇನೆ. ಅಂದರೆ 10 ಸೆಂ.ಮೀ. ಒಂದರ ಮೇಲೊಂದು.

ಕಾಗದಮಡಿಕೆ ಅವರು ಹೇಳಿದ್ದನ್ನು ಇವತ್ತು ಬೆಳಿಗ್ಗೆಯೇ ಮಾಡಿ ನೋಡಿದೆ. ತೂತಿನ ಸಾಲು ಹರಿಯಲಿಲ್ಲ. ರಬ್ಬರ್ ತರಹ ಉದ್ದವಾಗಿ, ಹಗ್ಗದಂತೆ ಹೊಸೆದುಕೊಂಡು ಬಂತು. ಒಂದು ಕೈಯಲ್ಲಿ ಆಗುವ ಮಾತೇ ಅಲ್ಲ.

ಪ್ಯಾಕಿಂಗ್‌ಲೈನ್

ಸುರುಳಿ ಒಳ್ಳೆಯ ಉಪಾಯವೇ, ಆದರೆ ಮನೆಯಲ್ಲಿ ಆಗುವುದಿಲ್ಲ. ಸ್ಪನ್‌ಲೇಸ್ ಅಂದರೆ ಜೋರು ನೀರಿನ ಧಾರೆ ಹೊಡೆದು ಎಳೆಗಳನ್ನು ಒಂದಕ್ಕೊಂದು ಸಿಕ್ಕು ಹಾಕಿಸಿದ ಬಟ್ಟೆ. ನೇಯ್ಗೆಯೂ ಇಲ್ಲ, ಅಂಟೂ ಇಲ್ಲ. ಕಾಗದದ ನಾರು ಗಿಡ್ಡ, ಇದರ ಎಳೆ ಉದ್ದ. ಸೂಜಿ ಚುಚ್ಚಿದರೆ ಎಳೆ ಕಡಿಯುವುದಿಲ್ಲ, ಪಕ್ಕಕ್ಕೆ ಸರಿದುಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಹಲ್ಲು ಹಲ್ಲಿನ ಬ್ಲೇಡಿನಿಂದ ಕಡಿಯುತ್ತಾರೆ, ನಡುವೆ ಸಣ್ಣ ಸಣ್ಣ ಜಾಗ ಮಾತ್ರ ಕಡಿಯದೆ ಬಿಟ್ಟಿರುತ್ತಾರೆ.

ಈಗ ನಿಮ್ಮ ಡಬ್ಬಿ. ಇಲ್ಲಿ ಮೂರು ಹಿಡಿತಗಳಿವೆ. ಮೊದಲನೆಯದು, ಕೆಳಗಿನ ಕಟ್ಟು ಮುಂದಿನ ಹಾಳೆಯನ್ನು ಹಿಡಿದುಕೊಳ್ಳುವುದು. ಎರಡನೆಯದು, ನೀವು ಎಳೆಯುವ ಹಾಳೆಯ ಬಾಲಕ್ಕೂ ಮುಂದಿನದರ ತಲೆಗೂ ನಡುವಿನ ಅಂಟು. ಮೂರನೆಯದು, ಡಬ್ಬಿಯ ಬಾಯಿ ಹಾಳೆಯನ್ನು ತಡೆಯುವುದು. ಕಟ್ಟಿನ ಹಿಡಿತಕ್ಕಿಂತ ಅಂಟು ಸ್ವಲ್ಪ ಜಾಸ್ತಿ ಇರಬೇಕು, ಇಲ್ಲದಿದ್ದರೆ ಮುಂದಿನದು ಮೇಲೆ ಬರುವುದೇ ಇಲ್ಲ. ಅಂಟಿಗಿಂತ ಬಾಯಿಯ ಹಿಡಿತ ಜಾಸ್ತಿ ಇರಬೇಕು, ಇಲ್ಲದಿದ್ದರೆ ಬಾಲ ಬಿಡುವುದಿಲ್ಲ, ಸರ ಬರುತ್ತದೆ. ನಿಮ್ಮಲ್ಲಿ ಅಂಟು ವಿಪರೀತ, ಬಾಯಿಗೆ ಹಿಡಿತವೇ ಇಲ್ಲ. 5 ಸೆಂ.ಮೀ. ದುಂಡು ತೂತು ಯಾವುದನ್ನೂ ತಡೆಯುವುದಿಲ್ಲ.

ಅಂಟು ಯಾಕೆ ಇಷ್ಟು? ಮದುವೆ ಮನೆಯಲ್ಲಿ ತೊಳೆದಿಟ್ಟ ಬಾಳೆಎಲೆ ಕಟ್ಟು ನೆನಪು ಮಾಡಿಕೊಳ್ಳಿ. ಸುಮ್ನೆ ಎಳೆದರೆ ಎರಡು ಎಲೆ ಅಂಟಿಕೊಂಡು ಬರುತ್ತವೆ. ಮೂಲೆಯಿಂದ ಸುಲಿದರೆ ಒಂದೇ ಬರುತ್ತದೆ. ಒದ್ದೆ ವೈಪ್ ಕೂಡ ಹಾಗೇ. ಹಾಳೆಗಳ ನಡುವಿನ ನೀರಿನ ಪದರ ಎರಡನ್ನೂ ಸೆಳೆದು ಹಿಡಿಯುತ್ತದೆ. ಉದ್ದಕ್ಕೆ ಎಳೆದರೆ ಓವರ್‌ಲ್ಯಾಪ್ ಆದ ಜಾಗವೆಲ್ಲ ಒಟ್ಟಿಗೆ ಹಿಡಿಯುತ್ತದೆ. ಸುಲಿದರೆ ಒಂದು ಗೆರೆಯಷ್ಟು ಜಾಗ ಮಾತ್ರ ಹಿಡಿಯುತ್ತದೆ. ನಿಮ್ಮದರಲ್ಲಿ 15 × 10 ಸೆಂ.ಮೀ. ಜಾಗ, ಅದೂ ಮಡಿಕೆಯೊಳಗೆ ಸಿಕ್ಕಿರುವುದರಿಂದ ಎರಡೂ ಮಗ್ಗುಲಿಂದ.

ನೀರಿನ ಲೆಕ್ಕ ನೋಡಿ. 15 × 20 ಸೆಂ.ಮೀ., 50 ಜಿಎಸ್‌ಎಂ ಅಂದರೆ ಒಂದು ಒಣ ಹಾಳೆ 1.5 ಗ್ರಾಂ. 80 ಹಾಳೆಗೆ 120 ಗ್ರಾಂ. ನೀವು ಹಾಕಿರುವುದು 500 ಮಿ.ಲೀ., ಬಟ್ಟೆಯ ತೂಕದ ನಾಲ್ಕು ಪಟ್ಟಿಗೂ ಜಾಸ್ತಿ. ಮೂರು ಪಟ್ಟು ಸಾಕು, ಅಂದರೆ 360. ಹೆಚ್ಚಾದ ನೀರು ಬಟ್ಟೆಯೊಳಗೆ ಕೂರದೆ ಹಾಳೆಗಳ ನಡುವೆ ನಿಲ್ಲುತ್ತದೆ, ಅಂಟಿಸುವುದೇ ಅದು. ನಿಧಾನವಾಗಿ ತಳಕ್ಕೂ ಇಳಿಯುತ್ತದೆ. ಮೇಲಿನದು ಒಣಗಿ ಕೆಳಗಿನದು ತೊಪ್ಪೆಯಾಗುವುದು ಇದರಿಂದಲೇ. ಗ್ಲಿಸರಿನ್ ನೀರನ್ನು ದಪ್ಪ ಮಾಡುತ್ತದೆ, ಮೂರು ಚಮಚ ಬೇಡ.

ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ. ನೆನೆಸಿದ ಎರಡು ಹಾಳೆಗಳನ್ನು ಮೇಜಿನ ಮೇಲೆ ತುದಿಗೆ ತುದಿ ಕೂರಿಸಿ. ಮೊದಲು 1 ಸೆಂ.ಮೀ. ಓವರ್‌ಲ್ಯಾಪ್, ಆಮೇಲೆ 2.5, ಆಮೇಲೆ 5. ಪ್ರತಿ ಸಲವೂ ಮೇಲಿನ ಹಾಳೆ ಹಿಡಿದು ಗಾಳಿಯಲ್ಲಿ ಎತ್ತಿ. ಕೆಳಗಿನದು ತನ್ನ ಭಾರಕ್ಕೆ ಬಿದ್ದುಹೋದರೆ ಅಂಟು ಸಾಲದು. ಬೀಳದೆ ನಿಂತು, ಎರಡು ಬೆರಳಲ್ಲಿ ಮೆಲ್ಲಗೆ ಎಳೆದರೆ ಬಿಡಬೇಕು. ಆ ಅಳತೆ ನಿಮ್ಮದು.

ವಾರ್ಡ್‌ಅಕ್ಕ

ನಾನು ನರ್ಸ್. ಮಡಿಕೆಯ ವಿಷಯ ಸರ್ ಹೇಳುತ್ತಿದ್ದಾರೆ, ನಾನು ಬೇರೆ ಒಂದು ಮಾತು ಹೇಳಲೇಬೇಕು. ಒರೆಸಿದ ಕೈಯನ್ನು ಡಬ್ಬಿಯೊಳಗೆ ಹಾಕಬೇಡಿ. ಜಾಸ್ತಿ ಬಂದ ಹಾಳೆಯನ್ನು ವಾಪಸ್ ತುರುಕಲೂ ಬೇಡಿ. ಕೈಗವಸಿನ ಕೊಳೆ ಒಂದು ಸಲ ಒಳಗೆ ಹೋದರೆ ಇಡೀ ಕಟ್ಟಿಗೆ ಹರಡುತ್ತದೆ, ಅದೇ ಹಾಳೆ ನಾಳೆ ಅವರ ಒಡೆದ ಚರ್ಮದ ಮೇಲೆ ಹೋಗುತ್ತದೆ. ಒಂದೊಂದಾಗಿ ಬರಬೇಕು ಅನ್ನುವುದು ಬರೀ ಅನುಕೂಲಕ್ಕಲ್ಲ.

ಇನ್ನೊಂದು. ಅಂಗಡಿ ಪ್ಯಾಕಿಗೆ ಕೆಡದಂತೆ ಸಂರಕ್ಷಕ ಹಾಕಿರುತ್ತಾರೆ. ನಿಮ್ಮದರಲ್ಲಿ ಅದು ಇಲ್ಲ. 80 ಹಾಳೆ ಮುಗಿಯಲು ಐದಾರು ದಿನ ಬೇಕು, ಅಷ್ಟರಲ್ಲಿ ಬೂಷ್ಟು ಕಣ್ಣಿಗೆ ಕಾಣದೆಯೇ ಶುರುವಾಗಿರುತ್ತದೆ. ಎರಡು ದಿನಕ್ಕೆ ಆಗುವಷ್ಟೇ ಮಾಡಿ. ಡಬ್ಬಿಯನ್ನು ಬಿಸಿನೀರು, ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ತುಂಬಿ. ಡೆಟಾಲ್ ತರಹದ್ದನ್ನು ನೀರಿಗೆ ಬೆರೆಸಬೇಡಿ, ವಯಸ್ಸಾದವರ ಚರ್ಮ ತಡೆಯುವುದಿಲ್ಲ. ಕೆಂಪು ಇನ್ನೂ ಇದ್ದರೆ ಡಾಕ್ಟರಿಗೆ ತೋರಿಸಿ.

ಕಾಗದಮಡಿಕೆ

ಹಾಗಿದ್ದರೆ ಒಂದು ಪೊಟ್ಟಣಕ್ಕೆ ಒಂದೇ ಹಾಳೆ ಹಾಕಿಟ್ಟರೆ ಆಗದೇ?

ಪ್ಯಾಕಿಂಗ್‌ಲೈನ್

ಶುರುವಾಗಿದ್ದೇ ಹಾಗೆ. 1957ರಲ್ಲಿ ನ್ಯೂಯಾರ್ಕಿನ ಆರ್ಥರ್ ಜೂಲಿಯಸ್ ರೂಪಿಸಿದ ವೆಟ್-ನ್ಯಾಪ್ ಪೊಟ್ಟಣಕ್ಕೆ ಒಂದು ಹಾಳೆಯದ್ದು. ಊಟದ ನಂತರ ಕೈ ಒರೆಸಲು ಕೊಡುತ್ತಿದ್ದರು. ಪೊಟ್ಟಣದಲ್ಲಿ ಅಂಟುವ ಪ್ರಶ್ನೆಯೇ ಇಲ್ಲ. ಆದರೆ ಅದನ್ನು ಹರಿಯಲು ಎರಡು ಕೈ ಬೇಕು. ಮೇಡಂಗೆ ಇರುವುದು ಒಂದು ಕೈ.

ತುಂಗೆದಡ

ಪರೀಕ್ಷೆ ಮಾಡಿದೆ. 1 ಸೆಂ.ಮೀ.ಗೆ ಕೆಳಗಿನದು ತಕ್ಷಣ ಬಿತ್ತು. 5ಕ್ಕೆ ಎಳೆದೂ ಎಳೆದೂ ಬಿಡಲಿಲ್ಲ, ಹಾಳೆಯೇ ಜಗ್ಗಿ ಸೊಟ್ಟಗಾಯಿತು. 2.5ಕ್ಕೆ ನಿಂತಿತು, ಮೆಲ್ಲಗೆ ಎಳೆದಾಗ ಬಿಟ್ಟಿತು.

ವಾರ್ಡ್‌ಅಕ್ಕ ಅವರೇ, ವಾಪಸ್ ತುರುಕುವ ಕೆಲಸ ನಾನು ದಿನಾ ಮಾಡುತ್ತಿದ್ದೆ. ಓದಿ ಹೊಟ್ಟೆ ತಳಮಳಿಸಿತು. ಹಳೇ ಡಬ್ಬಿಯದೆಲ್ಲ ಆಗಲೇ ಎಸೆದೆ. ಗ್ಲಿಸರಿನ್ ಕೂಡ ಬಿಟ್ಟೆ.

ಸರ್, 2.5 ಸೆಂ.ಮೀ. ಓವರ್‌ಲ್ಯಾಪ್ ಇಟ್ಟು ಉದ್ದಕ್ಕೆ ಜೋಡಿಸಿ, ಬೀಸಣಿಗೆ ಹಾಗೆ ಅತ್ತಿತ್ತ ಮಡಿಚಿ ಡಬ್ಬಿಗೆ ಹಾಕಿದೆ. ಈಗ ಎಷ್ಟೋ ವಾಸಿ. ಆದರೂ ನಾಲ್ಕೈದು ಹಾಳೆಗೊಮ್ಮೆ ಜೋಡಿಯಾಗಿ ಬರುತ್ತದೆ. ಹಾಗೆ ಬಂದಾಗ ಒಂದು ಇನ್ನೊಂದಕ್ಕೆ ಕೊಂಡಿ ಹಾಕಿದಂತೆ ಇರುತ್ತದೆ.

ಪ್ಯಾಕಿಂಗ್‌ಲೈನ್

ಕೊಂಡಿ ಅಂದಿರಲ್ಲ, ಸರಿಯಾಗಿ ನೋಡಿದ್ದೀರಿ. ಎಷ್ಟು ಅಗಲಕ್ಕೆ ಮಡಿಚಿದಿರಿ? 10 ಸೆಂ.ಮೀ.ಗೆ ಇರಬೇಕು. ಹಾಳೆ 20, ಓವರ್‌ಲ್ಯಾಪ್ 2.5. ಅಂದರೆ ಪ್ರತಿ 17.5 ಸೆಂ.ಮೀ.ಗೆ ಒಂದು ಓವರ್‌ಲ್ಯಾಪ್ ಬರುತ್ತದೆ. ಮಡಿಕೆ ಮಾತ್ರ 10ಕ್ಕೊಮ್ಮೆ. ಎರಡೂ ತಾಳೆಯಾಗುವುದಿಲ್ಲ, ಹಾಗಾಗಿ ನಡುನಡುವೆ ಓವರ್‌ಲ್ಯಾಪ್ ಮೇಲೆಯೇ ಮಡಿಕೆ ಬಂದು ಕೂರುತ್ತದೆ. ಅಲ್ಲಿ ಎರಡು ಹಾಳೆ ಒಟ್ಟಿಗೆ ಬಾಗಿ ಕೊಕ್ಕೆಯಾಗುತ್ತವೆ.

17.5ರ ಅರ್ಧ 8.75. ಆ ಅಗಲಕ್ಕೆ ಒಂದು ಗಟ್ಟಿ ರಟ್ಟಿನ ಪಟ್ಟಿ ಕತ್ತರಿಸಿಕೊಳ್ಳಿ. ಮೊದಲ ಓವರ್‌ಲ್ಯಾಪ್ ಪಟ್ಟಿಯ ನಟ್ಟ ನಡುವೆ ಬರುವಂತೆ ಇಟ್ಟು ಮಡಿಕೆ ಶುರು ಮಾಡಿ. ಆಮೇಲೆ ಎಲ್ಲ ಓವರ್‌ಲ್ಯಾಪ್‌ಗಳೂ ತಾವಾಗಿಯೇ ಒಂದು ಬಿಟ್ಟು ಒಂದು ಪದರದ ನಡುವೆ ಬೀಳುತ್ತವೆ. ಮಡಿಕೆಯ ಗೆರೆ ಯಾವತ್ತೂ ಒಂಟಿ ಹಾಳೆಯ ಮೇಲೆಯೇ ಇರುತ್ತದೆ. ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿ, ಇಲ್ಲದಿದ್ದರೆ ನೆನೆದು ಹಾಳಾಗುತ್ತದೆ. ಇನ್ನೂ ಒಳ್ಳೆಯದೆಂದರೆ ಒಣ ಹಾಳೆಯನ್ನೇ ಮಡಿಚಿ, ಡಬ್ಬಿಗೆ ಇಟ್ಟ ಮೇಲೆ ನೀರನ್ನು ಮೇಲಿನಿಂದ ಸುತ್ತ ಸುರಿಯಿರಿ.

ಹಾಳೆ ಜಗ್ಗಿತು ಅಂದಿರಿ. ರೋಲ್ ಬಿಚ್ಚುವ ಉದ್ದಕ್ಕೆ ಈ ಬಟ್ಟೆ ಗಟ್ಟಿ, ಅಗಲಕ್ಕೆ ಹಿಗ್ಗುತ್ತದೆ. ಬಹುಶಃ ನೀವು 20 ಸೆಂ.ಮೀ. ಬದಿಯನ್ನು ಅಗಲಕ್ಕೆ ಕತ್ತರಿಸಿದ್ದೀರಿ. ಅದು ರೋಲಿನ ಉದ್ದಕ್ಕೆ ಬರಲಿ. ಹಿಗ್ಗುವ ಹಾಳೆ ಬಾಯಲ್ಲಿ ಹೊಸೆದುಕೊಂಡು ಸಣ್ಣಗಾಗುತ್ತದೆ, ಬಾಯಿಗೆ ಅದರ ಮೇಲೆ ಹಿಡಿತ ಸಿಗುವುದಿಲ್ಲ. ಮುಂದಿನ ಸಲ ಚುಕ್ಕಿ ಉಬ್ಬಿರುವ ಬಟ್ಟೆ ಸಿಕ್ಕರೆ ಅದನ್ನೇ ತನ್ನಿ. ಉಬ್ಬುಗಳು ಹಾಳೆಗಳನ್ನು ದೂರ ಇಡುತ್ತವೆ, ಒಂದಕ್ಕೊಂದು ತಾಗುವ ಜಾಗ ಕಡಿಮೆಯಾಗುತ್ತದೆ.

ಕೊನೆಗೆ ಬಾಯಿ. ಪಾತ್ರೆ ಮುಚ್ಚಲು ಬರುವ ಹಿಗ್ಗುವ ಸಿಲಿಕಾನ್ ಮುಚ್ಚಳ ಇದೆಯಲ್ಲ, ಅದನ್ನು ಡಬ್ಬಿಗೆ ಹಾಕಿ. ಪಂಚಿಂಗ್ ಮೆಷಿನ್ನಲ್ಲಿ 4 ಸೆಂ.ಮೀ. ಅಂತರಕ್ಕೆ ಎರಡು ತೂತು ಹೊಡೆದು, ಬ್ಲೇಡಿನಿಂದ ತೂತಿನಿಂದ ತೂತಿಗೆ ನೇರ ಸೀಳಿ. ತುದಿಯಲ್ಲಿ ತೂತು ಇದ್ದರೆ ಸೀಳು ಮುಂದೆ ಹರಿಯುವುದಿಲ್ಲ. ಸೀಳಿನ ಎರಡು ತುಟಿಗಳು ಹಾಳೆಯನ್ನು ಮೆತ್ತಗೆ ಹಿಡಿಯುತ್ತವೆ. ಎಳೆಯುವಾಗ ನೇರ ಮೇಲಕ್ಕೆ ಬೇಡ, ಕೊನೆಯಲ್ಲಿ ಒಂದು ಪಕ್ಕಕ್ಕೆ ಬಾಗಿಸಿ. ಮುಂದಿನ ಹಾಳೆ ತುಟಿಯಲ್ಲಿ ನಿಲ್ಲುತ್ತದೆ, ಬಾಲ ಅದರಿಂದ ಸುಲಿದುಕೊಂಡು ಬರುತ್ತದೆ. ಬಾಳೆಎಲೆಯ ಮೂಲೆ ಎತ್ತಿದ ಹಾಗೆ.

ಡಬ್ಬಿ ಜಾರದಂತೆ ಅಡಿಗೆ ಒಂದು ರಬ್ಬರ್ ಹಾಳೆ ಹಾಕಿಡಿ.

ತುಂಗೆದಡ

ಒಂದು ಅನುಮಾನ. ಕಟ್ಟು ಅರ್ಧಕ್ಕಿಂತ ಕೆಳಗೆ ಹೋದ ಮೇಲೆ ತುದಿ ಒಳಗೆ ಬೀಳುವುದು ಜಾಸ್ತಿ ಆಗುತ್ತದೆ. ಡಬ್ಬಿಯ ತಳದಲ್ಲಿ ಸ್ಪಂಜ್ ಇಟ್ಟು ಎತ್ತರಿಸಲೇ?

ವಾರ್ಡ್‌ಅಕ್ಕ

ಸ್ಪಂಜ್ ಬೇಡವೇ ಬೇಡ. ನೀರು ಕುಡಿದು ಅಲ್ಲೇ ಕೆಡುತ್ತದೆ.

ಪ್ಯಾಕಿಂಗ್‌ಲೈನ್

ಹೌದು, ಬೇಡ. ಕಟ್ಟು ತಗ್ಗಿದಷ್ಟೂ ಮುಚ್ಚಳಕ್ಕೂ ಅದಕ್ಕೂ ನಡುವೆ ಖಾಲಿ ಜಾಗ ಬೆಳೆಯುತ್ತದೆ. ಮುಂದಿನ ಹಾಳೆ ಅಷ್ಟು ದೂರ ನೇತಾಡಿಕೊಂಡು ಮೇಲೆ ಬರಬೇಕು, ನಡುವೆಯೇ ಬಿದ್ದುಹೋಗುತ್ತದೆ. ಅಂಗಡಿಯ ಮೆತ್ತನೆ ಪ್ಯಾಕಿನಲ್ಲಿ ಹೀಗಾಗುವುದು ಕಡಿಮೆ, ಖಾಲಿಯಾದಂತೆ ಪ್ಯಾಕೇ ಕುಸಿದು ಹಾಳೆಯ ಮೇಲೆ ಕೂರುತ್ತದೆ. ನಿಮಗೆ ಸುಲಭದ ದಾರಿ ಅಂದರೆ ಗಿಡ್ಡ ಡಬ್ಬಿ. ವಾರ್ಡ್‌ಅಕ್ಕ ಹೇಳಿದ ಎರಡು ದಿನದ ಲೆಕ್ಕಕ್ಕೆ 30 ಹಾಳೆ ಸಾಕು. ಒಣ ತೂಕ 45 ಗ್ರಾಂ, ನೀರು 135 ಮಿ.ಲೀ.

ತುಂಗೆದಡ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ರೋಲಿನ ಉದ್ದಕ್ಕೆ ಕತ್ತರಿಸಿದೆ. 8.75ರ ರಟ್ಟು, 30 ಹಾಳೆ, 135 ಮಿ.ಲೀ., ಸಿಲಿಕಾನ್ ಸೀಳು. ಎರಡು ಡಬ್ಬಿ ಮುಗಿದವು. ಎರಡನೇ ಡಬ್ಬಿಯನ್ನು ಎಣಿಸಿಕೊಂಡೇ ಬಳಸಿದೆ. ಒಂದು ಸಲವೂ ತುದಿ ಒಳಗೆ ಬೀಳಲಿಲ್ಲ. ಜೋಡಿಯಾಗಿ ಬಂದಿದ್ದು ಎರಡು ಸಲ, ಎರಡೂ ಶುರುವಿನಲ್ಲೇ. ಆಮೇಲೆ ಕೊನೆಯವರೆಗೂ ಒಂದೊಂದೇ.

ನಿನ್ನೆ ರಾತ್ರಿ ಎರಡು ಗಂಟೆಗೆ ಅತ್ತೆಗೆ ಬದಲಾಯಿಸಬೇಕಾಯಿತು. ದೀಪ ಹಾಕಿರಲಿಲ್ಲ, ಬಾಗಿಲಿನಿಂದ ಬರುವ ಬೆಳಕಷ್ಟೇ. ಎಡಗೈ ಅವರ ಬೆನ್ನಿನಿಂದ ಒಂದು ಸಲವೂ ತೆಗೆಯದೆ ಆರು ವೈಪ್ ಎಳೆದೆ. ಮೊದಲಾದರೆ ನಡುವೆ ಕೈ ಬಿಡುತ್ತಿದ್ದೆ, ಅವರು ಹೆದರಿ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದರು. ನಿನ್ನೆ ಹಿಡಿದುಕೊಳ್ಳಲಿಲ್ಲ.

ಮೂವರಿಗೂ ಮನಸಾರೆ ಧನ್ಯವಾದ. ಆ ಮೊದಲಿನ ಎರಡು ಜೋಡಿ ಯಾಕೆ ಅಂತ ಗೊತ್ತಾದರೆ ಹೇಳಿ ಸರ್.

ಪ್ಯಾಕಿಂಗ್‌ಲೈನ್

ತುಂಬ ಸಂತೋಷವಾಯಿತು ಮೇಡಂ. ಶುರುವಿನಲ್ಲಿ ಮಾತ್ರ ಅಂದರೆ ಡಬ್ಬಿ ತುಂಬಿ ಮುಚ್ಚಳ ಕಟ್ಟನ್ನು ಒತ್ತುತ್ತಿದೆ. ಒತ್ತಿದರೆ ಹಾಳೆಗಳು ಬಿಗಿಯಾಗಿ ಅಂಟುತ್ತವೆ. ಮುಚ್ಚಳಕ್ಕೂ ಕಟ್ಟಿಗೂ ನಡುವೆ ಒಂದು ಬೆರಳಿನ ದಪ್ಪ ಜಾಗ ಇರಲಿ. ಎರಡು ಹಾಳೆ ಕಡಿಮೆ ಮಾಡಿ, 28 ಹಾಕಿ. ನೀರು 126 ಮಿ.ಲೀ.

ತುಂಗೆದಡ

28 ಹಾಕಿದೆ. ಇವತ್ತು ಬೆಳಿಗ್ಗೆಯಿಂದ ಒಂಬತ್ತು ಎಳೆದಿದ್ದೇನೆ, ಒಂಬತ್ತೂ ಒಂಟಿ.