ಕೋಲನ್ (ದೊಡ್ಡ ಕರುಳು) ಸ್ಪೆಸಿಮನ್‌ನಲ್ಲಿ 7 ನೋಡ್ (ದುಗ್ಧಗ್ರಂಥಿ) ಬಿಟ್ರೆ ಸಿಗ್ತಿಲ್ಲ, ಮುಂದೇನ್ ಮಾಡ್ಲಿ?

ಪಿಜಿ_ಪ್ಯಾಥಾಲಜಿ:
ಎಲ್ರಿಗೂ ನಮಸ್ಕಾರ. ಸಿಗ್ಮಾಯ್ಡ್ ಕ್ಯಾನ್ಸರ್ ರಿಸೆಕ್ಷನ್ (ಆಪರೇಷನ್‌ನಲ್ಲಿ ಕತ್ತರಿಸಿ ತೆಗೆದ ಭಾಗ) ಒಂದು ಗ್ರಾಸಿಂಗ್ (ಬರಿಗಣ್ಣಲ್ಲಿ ನೋಡಿ ಕತ್ತರಿಸೋದು) ಮಾಡ್ತಿದೀನಿ, ಗಡ್ಡೆ ಸ್ನಾಯು ಪದರ ದಾಟಿ ಕೊಬ್ಬಿಗೆ ಇಳಿದಿದೆ, ನೋಡಿದ್ರೆ ಟಿ3 (ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ ಅನ್ನೋ ಹಂತ) ಅನ್ಸತ್ತೆ. ಕೊಬ್ಬೆಲ್ಲ ಹಿಸುಕಿ ಹಿಸುಕಿ ನೋಡಿದ್ರೂ 7 ನೋಡ್ ಮಾತ್ರ ಸಿಕ್ಕಿವೆ. ಆಪರೇಷನ್‌ಗೆ ಮುಂಚೆ ಕೀಮೋ ರೇಡಿಯೇಷನ್ ಏನೂ ಕೊಟ್ಟಿಲ್ಲ. ಸ್ಪೆಸಿಮನ್ ಬಂದಿದ್ದು ನಿನ್ನೆ ಸಂಜೆ, ಕೊಬ್ಬು ಇನ್ನೂ ಮೆತ್ತಗೆ ಹಳದಿಯಾಗೇ ಇದೆ, ಬೆರಳಲ್ಲಿ ಜಾರತ್ತೆ. ಹರಡಿದೆಯಾ ಅಂತ ಸರಿಯಾಗಿ ಹೇಳೋಕೆ ಕನಿಷ್ಠ 12 ನೋಡ್ ಬೇಕಲ್ವಾ, ಮೀಥಿಲೀನ್ ಬ್ಲೂ (ನೀಲಿ ಬಣ್ಣ) ಹಾಕ್ಲಾ ಅಥವಾ ಫ್ಯಾಟ್ ಕ್ಲಿಯರಿಂಗ್ (ನೋಡ್ ಎದ್ದು ಕಾಣೋ ಹಾಗೆ ಕೊಬ್ಬನ್ನ ದ್ರವದಲ್ಲಿ ನೆನೆಸೋದು) ಮಾಡ್ಲಾ? ಗೊತ್ತಿರೋರು ಹೇಳಿ ಪ್ಲೀಸ್.

ಮೈಕ್ರೋಟೋಮ್:
ಮೊದಲು ಅದನ್ನ ವಾಪಸ್ ಫಾರ್ಮಲಿನ್‌ಗೆ ಹಾಕಿ. ಕೊಬ್ಬು ಹಳದಿಯಾಗಿ ಜಾರ್ತಿದೆ ಅಂದ್ರೆ ಒಳಗಡೆ ಫಾರ್ಮಲಿನ್ ಇಳಿದು ಗಟ್ಟಿಯಾಗಿಲ್ಲ, ಅಂದ್ರೆ ಫಿಕ್ಸೇ ಆಗಿಲ್ಲ, ಆ ಸ್ಥಿತೀಲಿ ಎಷ್ಟ್ ಹಿಸುಕಿದ್ರೂ ದೊಡ್ಡ ನೋಡ್‌ಗಳು ಮಾತ್ರ ಕೈಗೆ ಸಿಗೋದು. ಕರುಳು ಉದ್ದಕ್ಕೆ ಸೀಳಿದೀರಾ ನೋಡ್ಕೊಳಿ, ದಪ್ಪ ಕೊಬ್ಬಿಗೆ ಒಂದೆರಡು ಕಡೆ ಗೀರು ಹಾಕಿ, ಸ್ಪೆಸಿಮನ್ ಗಾತ್ರದ ಹತ್ತು ಪಟ್ಟಾದ್ರೂ ಫಾರ್ಮಲಿನ್ ಇರ್ಲಿ. ಡಬ್ಬದೊಳಗೆ ತುರುಕಿಟ್ರೆ ಮಧ್ಯಭಾಗಕ್ಕೆ ದ್ರವ ಹೋಗೋದೇ ಇಲ್ಲ. 24ರಿಂದ 48 ಗಂಟೆ ಕಳೆದ್ರೆ ಕೊಬ್ಬು ಗಟ್ಟಿಯಾಗಿ ಮಂಕಾಗತ್ತೆ, ನೋಡ್ ಮಾತ್ರ ಬೂದು ಬಿಳಿಯಾಗಿ ಎದ್ದು ಕಾಣತ್ತೆ.

ಆಮೇಲೆ ಹಿಸುಕೋದು ಬಿಟ್ಟು ಸ್ಲೈಸ್ ಮಾಡಿ. ಕೊಬ್ಬನ್ನ 3-4 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸಿ ಅದೇ ಕ್ರಮದಲ್ಲಿ ಬೋರ್ಡ್ ಮೇಲೆ ಜೋಡಿಸ್ಕೊಂಡು ಒಂದೊಂದೇ ಸ್ಲೈಸ್ ಒಳ್ಳೆ ಬೆಳಕಲ್ಲಿ ನೋಡಿ, ಎರಡು ಬೆರಳ ಮಧ್ಯ ಒತ್ತಿ ನೋಡಿ. ಕ್ರಮ ಯಾಕಂದ್ರೆ ಒಂದೇ ನೋಡ್ ಪಕ್ಕಪಕ್ಕದ ಎರಡು ಸ್ಲೈಸಲ್ಲಿ ಕಾಣ್ಬಹುದು, ಅದನ್ನ ಎರಡು ಅಂತ ಎಣಿಸ್ಬಾರ್ದು. ಗಡ್ಡೆಯ ಕೆಳಗೆ, ಕರುಳಿನ ಗೋಡೆಗೆ ಅಂಟ್ಕೊಂಡಿರೋ ಕೊಬ್ಬನ್ನ ಬಿಡ್ಲೇಬೇಡಿ, ಜನ ರಕ್ತನಾಳದ ಸುತ್ತ ಹುಡುಕಿ ಅಲ್ಲಿಗೆ ನಿಲ್ಲಿಸ್ತಾರೆ, ಸಾಸಿವೆ ಕಾಳಿನಷ್ಟು ನೋಡ್‌ಗಳು ಈ ಗೋಡೆ ಪಕ್ಕದಲ್ಲೇ ಉಳ್ಕೊಂಡ್ಬಿಡತ್ತೆ. ಕ್ಯಾನ್ಸರ್ ಹರಡಿರೋ ನೋಡ್‌ಗಳಲ್ಲಿ ಬಹಳಷ್ಟು 5 ಮಿಲಿಮೀಟರ್‌ಗಿಂತ ಚಿಕ್ಕವೇ ಇರ್ತವೆ, ಹಾಗಾಗಿ ಚಿಕ್ಕದು ಅಂತ ಬಿಡೋ ಹಾಗಿಲ್ಲ.

ಸ್ಲೈಡ್‌ಬಾಕ್ಸ್:
ಮೀಥಿಲೀನ್ ಬ್ಲೂ ಈಗ ಆಗಲ್ಲ. ಅದನ್ನ ತಾಜಾ ಸ್ಪೆಸಿಮನ್‌ನ ಅಪಧಮನಿಯೊಳಗೆ ಇಂಜೆಕ್ಟ್ ಮಾಡ್ಬೇಕು, ಫಿಕ್ಸಿಂಗ್‌ಗೆ ಮುಂಚೆ. ಫಿಕ್ಸ್ ಆಗ್ತಿರೋದಕ್ಕೆ ಕ್ಲಿಯರಿಂಗ್ ದ್ರವಗಳು ನಡೀತವೆ. ಜಿಇಡಬ್ಲ್ಯುಎಫ್ ಅಂತಾರಲ್ಲ, ಗ್ಲೇಶಿಯಲ್ ಅಸಿಟಿಕ್ ಆಸಿಡ್, ಇಥನಾಲ್, ಡಿಸ್ಟಿಲ್ಡ್ ವಾಟರ್, ಫಾರ್ಮಲಿನ್ ಸೇರಿಸಿದ್ದು, ಅದರಲ್ಲಿ ರಾತ್ರಿಯಿಡೀ ಬಿಟ್ರೆ ನೋಡ್ ಬೆಳ್ಳಗೆ ಕಾಣತ್ತೆ. ಅಸಿಟೋನ್ ಕೂಡ ಬಳಸ್ತಾರೆ, ಆದ್ರೆ ಬೇಗ ಬೆಂಕಿ ಹಿಡಿಯತ್ತೆ, ಫ್ಯೂಮ್ ಹುಡ್ (ಆವಿ ಹೊರಗೆಳೆಯೋ ವ್ಯವಸ್ಥೆ) ಇಲ್ದೆ ಕೈ ಹಾಕ್ಬೇಡಿ. ನಾನಂತೂ ಮೈಕ್ರೋಟೋಮ್ ಸರ್ ಹೇಳಿದ್ದು ಮುಗಿಸ್ದೆ ಇವಕ್ಕೆ ಹೋಗಲ್ಲ. ಆಮೇಲೂ ಕಡಿಮೆ ಇದ್ರೆ ಗಡ್ಡೆಯ ಆಸುಪಾಸಿನ ಕೊಬ್ಬಿಂದ ಶುರು ಮಾಡಿ ಉಳಿದಿದ್ದೆಲ್ಲ ಸ್ಲೈಡ್ ಮಾಡೋಕೆ ಮೇಣದ ಬ್ಲಾಕ್‌ಗೆ ಕೊಟ್ಬಿಡಿ.

ಪಿಜಿ_ಪ್ಯಾಥಾಲಜಿ:
ತುಂಬಾ ಥ್ಯಾಂಕ್ಸ್ ಸರ್. ಎರಡು ದಿನ ಫಾರ್ಮಲಿನಲ್ಲಿ ಬಿಟ್ಟು ಸ್ಲೈಸ್ ಮಾಡ್ದೆ, ಕೊಬ್ಬು ಈಗ ನೀಟಾಗಿ ಕಟ್ ಆಗ್ತಿದೆ. ಇನ್ನೂ 10 ಸಿಕ್ಕಿವೆ, ಆದ್ರೆ ಅದ್ರಲ್ಲಿ ಕೆಲವು ನೋಡೋ ರಕ್ತನಾಳವೋ ಗೊತ್ತಾಗ್ತಿಲ್ಲ. ಕ್ಯಾಸೆಟ್‌ಗೆ (ಅಂಗಾಂಶ ಇಡೋ ಚಿಕ್ಕ ಡಬ್ಬಿ) ಹೇಗೆ ಹಾಕ್ಲಿ? ಅಂಚು ಅಂಕುಡೊಂಕಾಗಿರೋ ಒಂದು ಗಟ್ಟಿ ಗಂಟೂ ಇದೆ.

ಮೈಕ್ರೋಟೋಮ್:
ಅನುಮಾನ ಇರೋದೆಲ್ಲ ಹಾಕಿ, ಎಚ್ ಅಂಡ್ ಇ (ಬಣ್ಣ ಹಾಕಿದ) ಸ್ಲೈಡ್ ನೋಡಿ ತೀರ್ಮಾನ ಮಾಡೋಣ. ಚಿಕ್ಕವನ್ನ ಕತ್ತರಿಸ್ದೆ ಪೂರ್ತಿ ಹಾಕಿ, ಒಂದು ಕ್ಯಾಸೆಟಲ್ಲಿ ನಾಲ್ಕೈದು ಇದ್ರೂ ಪರ್ವಾಗಿಲ್ಲ, ಎಷ್ಟಿವೆ ಅಂತ ಗ್ರಾಸ್ ನೋಟ್ಸಲ್ಲಿ ಬರೀರಿ. ದೊಡ್ಡದನ್ನ 2 ಮಿಲಿಮೀಟರ್ ಸ್ಲೈಸ್ ಮಾಡಿ, ಒಂದು ನೋಡ್‌ಗೆ ಒಂದು ಕ್ಯಾಸೆಟ್, ಇಲ್ಲಾಂದ್ರೆ ಬೇರೆ ಬೇರೆ ಬಣ್ಣದ ಇಂಕ್. ಇಲ್ಲಿ ಎಡವಟ್ಟಾದ್ರೆ ಎಷ್ಟು ಪಾಸಿಟಿವ್ (ಕ್ಯಾನ್ಸರ್ ಇರೋ ನೋಡ್) ಅನ್ನೋದೇ ತಪ್ಪತ್ತೆ, ನೋಡ್‌ಗೆ ಹರಡಿರೋ ಹಂತಾನೂ ಬದಲಾಗತ್ತೆ, 3 ಇದ್ರೆ ಎನ್1ಬಿ, 4 ಆದ್ರೆ ಎನ್2ಎ.

ಆ ಅಂಕುಡೊಂಕು ಗಂಟನ್ನ ಬೇರೆ ಕ್ಯಾಸೆಟಲ್ಲಿ ಹಾಕಿ. ನೋಡ್‌ನ ಅಂಶ, ರಕ್ತನಾಳ, ನರ ಯಾವ್ದೂ ಗುರುತಿಗೆ ಸಿಗ್ದೆ ಬರೀ ಕ್ಯಾನ್ಸರ್ ಇದ್ರೆ ಅದು ಟ್ಯೂಮರ್ ಡೆಪಾಸಿಟ್, ಅದನ್ನ ನೋಡ್ ಎಣಿಕೆಗೆ ಸೇರಿಸೋ ಹಾಗಿಲ್ಲ. ನೋಡ್‌ಗಳೆಲ್ಲ ನೆಗೆಟಿವ್ ಆಗಿ ಡೆಪಾಸಿಟ್ ಇದ್ರೆ ಎನ್1ಸಿ. ಸರ್ಜನ್ ಕಟ್ಟಿರೋ ರಕ್ತನಾಳದ ತುದಿ ಹತ್ರ ಇರೋ ನೋಡ್‌ನೂ ಬೇರೆ ಗುರುತು ಮಾಡಿ.

ಪಿಜಿ_ಪ್ಯಾಥಾಲಜಿ:
ಸ್ಲೈಡ್ ಬಂತು. ಎರಡು ಬರೀ ರಕ್ತನಾಳ, ಒಟ್ಟು 15 ನೋಡ್. ಗೋಡೆ ಪಕ್ಕದ 3 ಮಿಲಿಮೀಟರ್ ನೋಡ್ ಒಂದು ಪಾಸಿಟಿವ್, ಆ ಗಂಟು ಬರೀ ಫೈಬ್ರೋಸಿಸ್ (ನಾರು ಅಂಗಾಂಶ, ಕ್ಯಾನ್ಸರ್ ಇಲ್ಲ). ಅಂದ್ರೆ ಟಿ3 ಎನ್1ಎ. ಮೊದಲಿನ 7 ಎಲ್ಲಾ ನೆಗೆಟಿವ್!

ಮೈಕ್ರೋಟೋಮ್:
ಒಳ್ಳೆ ಕೆಲಸ ಮಾಡಿದ್ರಿ. ಅಲ್ಲಿಗೇ ನಿಲ್ಲಿಸಿದ್ರೆ ಸ್ಟೇಜ್ 2 ಅಂತ ಹೋಗ್ತಿತ್ತು, ಈಗ ಸ್ಟೇಜ್ 3, ಆಂಕಾಲಜಿಸ್ಟ್ ಕೀಮೋ ಬಗ್ಗೆ ಮಾತಾಡೋ ರೀತೀನೇ ಬೇರೆ ಆಗತ್ತೆ. 12 ಸಿಕ್ತು ಅಂತ ನಿಲ್ಲಿಸ್ಬೇಡಿ ಅಂತ ನಾನು ಎಲ್ಲಾ ಜೂನಿಯರ್ಸ್‌ಗೂ ಹೇಳೋದು ಇದಕ್ಕೇ. ರಿಪೋರ್ಟಲ್ಲಿ 1/15 ಅಂತ ಹಾಕಿ.

ಸ್ಲೈಡ್‌ಬಾಕ್ಸ್:
ಮುಂದೆ ರೆಕ್ಟಮ್ (ಗುದನಾಳ) ಬಂದ್ರೆ ಒಂದು ಗಮನ ಇರ್ಲಿ, ಅದರ ಸುತ್ತಲಿನ ಮೀಸೋರೆಕ್ಟಮ್ ಕೊಬ್ಬನ್ನ ಮೊದಲೇ ಬಿಡಿಸ್ಬೇಡಿ, ಇಂಕ್ ಹಾಕಿ ಅಡ್ಡಕ್ಕೆ ಸ್ಲೈಸ್ ಮಾಡಿ ಮಾರ್ಜಿನ್ (ಕತ್ತರಿಸಿದ ಅಂಚು) ನೋಡಿದ್ಮೇಲೆ ನೋಡ್ ಹುಡುಕಿ. ರೇಡಿಯೇಷನ್ ಆಗಿರೋ ಕೇಸಲ್ಲಿ ನೋಡ್‌ಗಳು ಕುಗ್ಗಿರ್ತವೆ, ಚೆನ್ನಾಗಿ ಹುಡುಕಿದ್ರೂ 12 ಆಗ್ದೇ ಇರ್ಬಹುದು, ಆಗ ಕೊಬ್ಬು ಪೂರ್ತಿ ಕೊಟ್ಟಿದೀವಿ ಅಂತ ರಿಪೋರ್ಟಲ್ಲೇ ಬರೀರಿ.